ಇಟ್ಟಿಗೆ ಗೂಡಿನಿಂದ ಬಿಡುಗಡೆ ಪತ್ರದವರೆಗೆ

ಜೀತದಿಂದ ಹೊರಬಂದವರ ಕೈಗೆ ಸರ್ಕಾರ ಒಂದು ಕಾಗದ ಕೊಡಬೇಕು. ಅದಕ್ಕೆ ಬಿಡುಗಡೆ ಪತ್ರ ಅನ್ನುತ್ತಾರೆ. ಒಂದೇ ಹಾಳೆ. ಫೋಟೋ, ಹೆಸರು, ಊರು, ಎಲ್ಲಿ ದುಡಿಯುತ್ತಿದ್ದರು, ಯಾರಿಂದ ಮುಂಗಡ ತಗೊಂಡಿದ್ದರು, ಆ ಸಾಲವನ್ನು ಇನ್ನು ತೀರಿಸಬೇಕಾಗಿಲ್ಲ ಎಂಬ ಮಾತು, ಕೆಳಗೆ ಉಪವಿಭಾಗಾಧಿಕಾರಿಯ ಸಹಿ ಮತ್ತು ಸೀಲು. ಈ ಹಾಳೆ ಇಲ್ಲದಿದ್ದರೆ ಗೂಡಿನಿಂದ ಹೊರಬಂದವರು ಕೆಲಸ ಬಿಟ್ಟು ಓಡಿಹೋದ ಕೂಲಿಗಳು, ಅಷ್ಟೇ. ಪರಿಹಾರ ಬರುವುದಿಲ್ಲ. ಕೇಸಿಗೆ ಬಲ ಇರುವುದಿಲ್ಲ. ಮುಂದಿನ ವರ್ಷ, ಮುಂಗಡ ಕೊಟ್ಟು ಕೂಲಿಗಳನ್ನು ಗೂಡಿಗೆ ಕರೆತರುವ ಮೇಸ್ತ್ರಿ ಮನೆ ಬಾಗಿಲಿಗೆ ಬಂದು ಹಳೇ ಲೆಕ್ಕ ತೆಗೆದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ನಾನು ನಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕಿ. ವಕೀಲೆ ಅಲ್ಲ. ಅರ್ಜಿ ಬರೆದುಕೊಡುವುದು, ಜನರನ್ನು ಕಚೇರಿಗೆ ಕರೆದುಕೊಂಡು ಹೋಗುವುದು, ಅವರ ಜೊತೆ ಬೆಂಚಿನ ಮೇಲೆ ಕಾಯುವುದು, ಇಷ್ಟು ನನ್ನ ಕೆಲಸ. ಮಾನವ ಕಳ್ಳಸಾಗಣೆ ತಡೆ, ಸರ್ಕಾರದ ಬದ್ಧತೆ ಅಂತೆಲ್ಲ ತರಬೇತಿಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಆ ಕಾನೂನು ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಅಂತ ಗೊತ್ತಾಗಿದ್ದು ಮಾತ್ರ ಈ ಹಾಳೆಗಾಗಿ ಓಡಾಡಿದಾಗ.

ಫೋನ್ ಬಂದಿದ್ದು ಬೇಸಿಗೆಯಲ್ಲಿ. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಹುಡುಗನೊಬ್ಬ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಮಾಡಿದ್ದ. ಅಲ್ಲಿಂದ ವಿಷಯ ನಮಗೆ ಬಂತು. ಅವನ ಅಕ್ಕ, ಭಾವ, ಅವರ ಮಕ್ಕಳು ನಮ್ಮ ತಾಲ್ಲೂಕಿನ ಒಂದು ಇಟ್ಟಿಗೆ ಗೂಡಿನಲ್ಲಿದ್ದರು. ರಾಯಚೂರು ಕಡೆಯವರು. ಅದಕ್ಕೂ ಒಂದೂವರೆ ವರ್ಷ ಹಿಂದೆ, ದೀಪಾವಳಿ ಆದ ಮೇಲೆ, ಮೇಸ್ತ್ರಿ ಊರಿಗೆ ಹೋಗಿ ಜೋಡಿಗೆ 40,000 ಮುಂಗಡ ಕೊಟ್ಟು, ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಊರಲ್ಲಿ ಹೇಳಿದ ರೇಟು ಒಂದು, ಇಲ್ಲಿ ಬಂದ ಮೇಲೆ ಹಾಕಿದ ರೇಟು ಇನ್ನೊಂದು. ಗೂಡಿನ ಕೆಲಸ ಮಳೆಗಾಲಕ್ಕೆ ನಿಲ್ಲುತ್ತದೆ. ಆಗ ಎಲ್ಲರೂ ಊರಿಗೆ ಹೋಗುವುದು ರೂಢಿ. ಇವರನ್ನು ಬಿಟ್ಟಿರಲಿಲ್ಲ. ಲೆಕ್ಕ ಮುಗಿದಿಲ್ಲ ಅಂತ ಮಾಲೀಕರ ತೋಟದಲ್ಲಿ ದುಡಿಸಿ, ಮತ್ತೆ ಚಳಿಗಾಲಕ್ಕೆ ಗೂಡಿಗೆ ಹಾಕಿದ್ದರು.

ಹುಡುಗ ಫೋನಿನಲ್ಲಿ ಜೀತ ಅಂದಿರಲಿಲ್ಲ. ಕಳ್ಳಸಾಗಣೆ ಅಂತೂ ಅವನ ತಲೆಯಲ್ಲೇ ಇರಲಿಲ್ಲ. “ಯಕ್ಕಾ, ನಮ್ಮಕ್ಕನ್ನ ಊರಿಗೆ ಕಳಸವಲ್ರು” ಅಂದ. ಇಂಥವು ನಮ್ಮ ಹತ್ತಿರ ಹೀಗೇ ಬರುತ್ತವೆ. ಹಬ್ಬಕ್ಕೆ ಬಿಡ್ತಿಲ್ಲ, ಹೆರಿಗೆಗೆ ಬಿಡ್ತಿಲ್ಲ, ಫೋನ್ ಕಿತ್ಕೊಂಡಿದ್ದಾರೆ. ಕಾನೂನಿನ ಹೆಸರು ಹಚ್ಚುವುದು ಆಮೇಲೆ.

ಅರ್ಜಿಯನ್ನು ಜಿಲ್ಲಾಧಿಕಾರಿಗೇ ಬರೆದೆವು. ಇದಕ್ಕೆ ಕಾರಣ ಇದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜಾರಿ ಮಾಡುವ ಹೊಣೆಯನ್ನು ಪೊಲೀಸರಿಗೂ ಕೊಟ್ಟಿಲ್ಲ, ಕಾರ್ಮಿಕ ಇಲಾಖೆಗೂ ಕೊಟ್ಟಿಲ್ಲ. ಕೊಟ್ಟಿರುವುದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಅವರು ಹೇಳಿದ ಕೆಳಗಿನ ಅಧಿಕಾರಿಗೆ. ಬಹಳ ಜನ ಮೊದಲು ಠಾಣೆಗೆ ಹೋಗುತ್ತಾರೆ. ಠಾಣೆಯಿಂದ ಗೂಡಿಗೆ ಒಂದು ಫೋನ್ ಹೋಗುತ್ತದೆ. “ನೋಡಪ್ಪಾ, ಏನೋ ಕಂಪ್ಲೇಂಟ್ ಬಂದಿದೆ, ಕೂತು ಬಗೆಹರಿಸ್ಕೊಳ್ಳಿ.” ಬೆಳಗಾಗುವಷ್ಟರಲ್ಲಿ ಗೂಡಿನಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಅರ್ಜಿಯಲ್ಲಿ ಗೂಡಿನ ಹೆಸರು, ದಾರಿ ಎಲ್ಲ ಬರೆದರೂ, ತಂಡ ಹೊರಡುವ ತನಕ ಬಾಯಿ ಬಿಡಬೇಡಿ ಅಂತ ಕಚೇರಿಯಲ್ಲಿ ಕೈಮುಗಿದು ಕೇಳಿಕೊಳ್ಳುವುದು ಒಂದು ಕೆಲಸವೇ.

ತಂಡ ಹೊರಟಾಗ ಬೆಳಿಗ್ಗೆ. ತಹಶೀಲ್ದಾರ್, ಕಾರ್ಮಿಕ ನಿರೀಕ್ಷಕರು, ಇಬ್ಬರು ಪೊಲೀಸರು, ಮಕ್ಕಳ ರಕ್ಷಣಾ ಘಟಕದ ಒಬ್ಬ ಹುಡುಗಿ, ನಾನು. ಗೂಡಿಗೆ ಕಾಂಪೌಂಡ್ ಇಲ್ಲ, ಗೇಟ್ ಇಲ್ಲ. ಎತ್ತರ ಕಡಿಮೆಯ ಶೀಟಿನ ಗುಡಿಸಲುಗಳ ಸಾಲು. ಒಳಗೆ ಹೋಗಬೇಕಾದರೆ ಬಗ್ಗಲೇಬೇಕು. ಹೆಂಗಸರು ಮಣ್ಣು ತುಳಿಯುತ್ತಿದ್ದರು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಿಸಿಲಿಗೆ ಹಾಕಿದ ಹಸಿ ಇಟ್ಟಿಗೆಗಳನ್ನು ಒಂದೊಂದಾಗಿ ಮಗ್ಗುಲು ತಿರುಗಿಸುತ್ತಾ ಹೋಗುತ್ತಿದ್ದಳು. ನಾವು ಬಂದದ್ದು ನೋಡಿದಳು, ಕೈ ಮಾತ್ರ ನಿಲ್ಲಿಸಲಿಲ್ಲ.

ಕಾರ್ಮಿಕ ನಿರೀಕ್ಷಕರು ಬುದ್ಧಿವಂತರು. ಬಂದವರೇ ಯಾರನ್ನೂ ಏನೂ ಕೇಳಲಿಲ್ಲ. ಶೆಡ್ಡಿನೊಳಗೆ ಹೋಗಿ ಲೆಕ್ಕದ ಪುಸ್ತಕ ಕೈಗೆ ತಗೊಂಡರು. ಆಧಾರ್ ಕಾರ್ಡುಗಳೂ ಅಲ್ಲೇ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದವು. ರೇಷನ್ ಕಾರ್ಡುಗಳೂ ಇದ್ದವು. “ಕಳೆದುಹೋಗುತ್ತವೆ ಅಂತ ಜೋಪಾನ ಮಾಡಿದ್ದೀವಿ ಸಾರ್” ಅಂದ ಗೂಡಿನ ಲೆಕ್ಕ ಬರೆಯುವ ರೈಟರ್.

ಆ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ಉದ್ದನೆಯ ಸಾದಾ ನೋಟ್‌ಬುಕ್. ಜೋಡಿಗೆ ಒಂದು ಪುಟ. ಎಡಗಡೆ ಮಾಲೀಕರು ಕೊಟ್ಟಿದ್ದು, ಬಲಗಡೆ ಇವರು ಹಾಕಿದ ಇಟ್ಟಿಗೆ. ಎಡಗಡೆಯ ಮೊದಲ ಸಾಲು: ಮುಂಗಡ, 40,000. ಅದರ ಕೆಳಗೆ ಟೆಂಪೋ ಬಾಡಿಗೆ. ಕರೆತಂದ ಬಾಡಿಗೆಯೂ ಇವರ ಲೆಕ್ಕಕ್ಕೇ! ಆಮೇಲೆ ವಾರ ವಾರ ಖರ್ಚಿಗೆ, ಖರ್ಚಿಗೆ, ಖರ್ಚಿಗೆ. ನಡುವೆ ಆಸ್ಪತ್ರೆ. ತಾಡಪಾಲು. ಪೂಜೆಗೆ. ಬಲಗಡೆ ಅಂಕಿಗಳು ಏರುತ್ತಾ ಹೋಗಿ, ಅಕಾಲ ಮಳೆ ಬಂದು ಹಸಿ ಇಟ್ಟಿಗೆ ಕರಗಿದ ವಾರ ಸೊನ್ನೆ. ಆ ವಾರದ ನಷ್ಟ ಮಾಲೀಕರದ್ದಲ್ಲ. ಸರಿಯಾಗಿ ಸುಡದ ಇಟ್ಟಿಗೆಗೆ ಮತ್ತೆ ಕಡಿತ. ವಾರಕ್ಕೊಮ್ಮೆ ಬಟವಾಡೆ ಅಂತ ಕೈಗೆ ಬರುತ್ತಿದ್ದ ದುಡ್ಡು ಕೂಲಿ ಅಲ್ಲ, ಎಡಗಡೆಗೆ ಸೇರುವ ಹೊಸ ಸಾಲ. ಒಂದೂವರೆ ವರ್ಷ ಗಂಡ, ಹೆಂಡತಿ, ಲೆಕ್ಕಕ್ಕೇ ಬರದ ಮಗಳು ದುಡಿದ ಮೇಲೆ ಪುಟದ ಕೆಳಗೆ ಬಾಕಿ 50,000 ದಾಟಿತ್ತು. ಮುಂಗಡಕ್ಕಿಂತ ಜಾಸ್ತಿ. ತಪ್ಪು ಲೆಕ್ಕ ಎಲ್ಲೂ ಇರಲಿಲ್ಲ. ಕೂಡಿದ್ದು ಕಳೆದಿದ್ದು ಎಲ್ಲ ಸರಿಯಾಗಿಯೇ ಇತ್ತು.

ಗೂಡಿನಿಂದ ಎಲ್ಲರನ್ನೂ ತಾಲ್ಲೂಕು ಕಚೇರಿಗೆ ಕರೆತಂದರು. ಅಸಲಿ ಕೆಲಸ ಶುರುವಾಗುವುದು ಇಲ್ಲಿ. ಗೂಡಿಗೆ ಹೋಗಿ ಕರೆತರುವುದನ್ನು ಪೇಪರಿನವರು ‘ರಕ್ಷಣೆ’ ಅಂತ ಬರೆಯುತ್ತಾರೆ, ಫೋಟೋನೂ ಹಾಕುತ್ತಾರೆ. ಆದರೆ ಇವರು ಜೀತದಲ್ಲಿದ್ದರೋ ಇಲ್ಲವೋ ಅಂತ ತೀರ್ಮಾನ ಆಗುವುದು ಹೇಳಿಕೆ ಬರೆಯುವ ಮೇಜಿನ ಮೇಲೆ.

ಮೇಜಿನ ಆಚೆ ಒಬ್ಬರು ಗುಮಾಸ್ತರು, ಈಚೆ ಫೋನ್ ಮಾಡಿದ ಹುಡುಗನ ಭಾವ. ಗುಮಾಸ್ತರು ಒಳ್ಳೆಯವರೇ. ಎಲ್ಲರಿಗೂ ಟೀ ತರಿಸಿದರು. ಆದರೆ ಅವರ ಪ್ರಶ್ನೆಗಳು ಹೀಗಿದ್ದವು.

“ಹೊಡೀತಿದ್ರಾ?”

“ಇಲ್ರೀ.”

“ಕೂಡಿ ಹಾಕಿದ್ರಾ?”

“ಇಲ್ರೀ.”

“ಊಟಕ್ಕೆ ಕೊಡ್ತಿದ್ರಾ?”

“ಹೂಂರಿ, ವಾರ ವಾರ ಕೊಡ್ತಿದ್ರು.”

ಮೂರಕ್ಕೂ ಉತ್ತರ ಬರೆದು ಪೆನ್ನು ಕೆಳಗಿಟ್ಟರು. ಹೀಗೇ ಸಹಿ ಬಿದ್ದಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಇದು ಕೂಲಿ ವ್ಯಾಜ್ಯ, ಕಾರ್ಮಿಕ ಇಲಾಖೆ ನೋಡಿಕೊಳ್ಳಲಿ ಅಂತ ಫೈಲು ಆಕಡೆ ಹೋಗುತ್ತಿತ್ತು.

“ಸಾರ್, ನಾನೊಂದು ಕೇಳಲಾ?” ಅಂದೆ. ಕೇಳಿ ಅಂದರು. ಆತನ ಕಡೆ ತಿರುಗಿ, “ಅಣ್ಣಾ, ಊರಿಗೆ ಹೋಗಬೇಕು ಅಂದರೆ ಹೋಗಬಹುದಿತ್ತಾ?” ಅಂತ ಕೇಳಿದೆ.

“ಒಬ್ರು ಹೋಗಬೌದ್ರಿ. ಇನ್ನೊಬ್ರು ಇಲ್ಲೇ ಇರ್ಬೇಕು.”

“ಯಾಕೆ?”

“ರೊಕ್ಕ ಐತಲ್ರಿ.” ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ. “ನಮ್ಮವ್ವ ಸತ್ತಾಗ ನಾ ಒಬ್ನೇ ಹೋಗಿ ಮಣ್ಣು ಮಾಡಿ ಬಂದೆ ರೀ. ಆಕಿನ್ನ, ಮಕ್ಕಳ್ನ ಇಲ್ಲೇ ಇಟ್ಕಂಡ್ರು.”

ಗುಮಾಸ್ತರು ಮತ್ತೆ ಪೆನ್ನು ತಗೊಂಡರು. ಇದನ್ನೂ ಬರೆಯಿರಿ, ಅವರು ಹೇಳಿದ ಹಾಗೇ ಬರೆಯಿರಿ ಅಂದೆ. ಬರೆದರು.

1976ರ ಕಾಯ್ದೆಯ 2ನೇ ಸೆಕ್ಷನ್ ಓದಿದರೆ ಬೀಗ, ಬೇಡಿ, ಬಾರುಕೋಲಿನ ಸುದ್ದಿಯೇ ಇಲ್ಲ. ಮುಂಗಡ ತಗೊಂಡಿದ್ದರಿಂದ ಕೂಲಿ ಇಲ್ಲದೆ ಅಥವಾ ನೆಪಮಾತ್ರದ ಕೂಲಿಗೆ ದುಡಿಯಬೇಕಾಗಿ ಬಂದಿದೆಯೇ? ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಹೋಗಿದೆಯೇ? ಬೇಕಾದ ಕಡೆ ಓಡಾಡುವ ಹಕ್ಕು ಹೋಗಿದೆಯೇ? ತಾನು ಮಾಡಿದ ಮಾಲನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕು ಹೋಗಿದೆಯೇ? ಇದರಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು. 1982ರಲ್ಲಿ ಏಷ್ಯಾಡ್, ಅಂದರೆ ದೆಹಲಿಯ ಏಷ್ಯನ್ ಕ್ರೀಡಾಕೂಟದ, ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ. ಮರುವರ್ಷ, ಜೀತದಾಳುಗಳ ಪರ ಹೋರಾಡುವ ಬಂಧುವಾ ಮುಕ್ತಿ ಮೋರ್ಚಾ ಸಂಘಟನೆಯ ಪ್ರಕರಣದಲ್ಲಿ, ಬಲವಂತದ ದುಡಿಮೆ ಅಂತ ಕಂಡರೆ ಅದು ಮುಂಗಡಕ್ಕಾಗಿಯೇ ಅಂತ ಮೊದಲು ಭಾವಿಸಬೇಕು, ಅಲ್ಲ ಅಂತ ತೋರಿಸುವುದು ಮಾಲೀಕನ ಕೆಲಸ ಅಂತ ಹೇಳಿತು. ಕಾಯ್ದೆಯ 15ನೇ ಸೆಕ್ಷನ್ನೂ ಹಾಗೇ ಇದೆ. ಇದು ಜೀತದ ಸಾಲ ಅಂತ ಕೂಲಿಯವನು ಹೇಳಿದರೆ, ಅಲ್ಲ ಅಂತ ರುಜುವಾತು ಮಾಡುವ ಭಾರ ಸಾಲ ಕೊಟ್ಟವನದ್ದು.

ಅಷ್ಟು ಹಳೆಯ ಕಾಯ್ದೆಯಲ್ಲಿ ಇಷ್ಟು ಗಟ್ಟಿ ಮಾತಿದೆ. ಪ್ರಶ್ನೆ ಕೇಳುವವರ ಮೇಜಿಗೆ ಮಾತ್ರ ಅದು ಬಂದು ಮುಟ್ಟಿಲ್ಲ.

ಸಂಜೆ ಉಪವಿಭಾಗಾಧಿಕಾರಿ ಬಂದರು. ಎಲ್ಲರೂ ಅವರನ್ನು ಎಸಿ ಸಾಹೇಬರು ಅನ್ನುತ್ತಾರೆ. ಮಾಲೀಕರೂ ಬಂದರು, ಜೊತೆಗೆ ವಕೀಲರು, ಊರಿನ ಇಬ್ಬರು ದೊಡ್ಡ ಮನುಷ್ಯರು. ಮಾಲೀಕರ ಮಾತು ಸರಳವಾಗಿತ್ತು. “ನಾವು ಯಾರನ್ನೂ ಕಟ್ಟಿ ಹಾಕಿಲ್ಲ ಸಾರ್. ಬೇಕಾದ್ರೆ ಬಂದು ನೋಡಿ, ಗೂಡಿಗೆ ಗೇಟೇ ಇಲ್ಲ. ಕಷ್ಟ ಅಂದ್ರು, ದುಡ್ಡು ಕೊಟ್ವಿ. ಉಪಕಾರ ಮಾಡಿದ್ದೇ ತಪ್ಪಾಯ್ತಾ?”

ಎಸಿ ಸಾಹೇಬರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. “ಗೇಟ್ ವಿಷಯ ಬಿಡಿ. ಇವರು ಈ ದುಡ್ಡು ವಾಪಸ್ ಕೊಡದೆ ನಾಳೆ ಪಕ್ಕದ ಗೂಡಿಗೆ ಕೆಲಸಕ್ಕೆ ಹೋಗಬಹುದಾ?” ಅಂತ ಕೇಳಿದರು.

“ಅದೆಂಗಾಗುತ್ತೆ ಸಾರ್?” ಅಂದರು ಮಾಲೀಕರು.

ವಕೀಲರು ಅವರ ಮೊಣಕೈ ಮುಟ್ಟಿದರು. ಅಷ್ಟರಲ್ಲಿ ಆ ಮಾತು ಬರವಣಿಗೆಗೆ ಇಳಿದಿತ್ತು. ಇಡೀ ಪ್ರಕ್ರಿಯೆಯಲ್ಲಿ ನಾನು ನೋಡಿದ ಅತಿ ಒಳ್ಳೆಯ ಪ್ರಶ್ನೆ ಅದು. ಆ ಅಧಿಕಾರಿ ಕಾಯ್ದೆಯನ್ನು ಓದಿಕೊಂಡು ಬಂದಿದ್ದರು, ಬೇರೆ ಏನೂ ವಿಶೇಷ ಮಾಡಲಿಲ್ಲ.

ಪತ್ರ ಕೊಡುವುದು ಅಂತ ಆಯಿತು. ಟೈಪ್ ಆಗಿ ಬಂದವು. ನೋಡಿದರೆ ಮನೆಗೊಂದು, ಗಂಡಸರ ಹೆಸರಿನಲ್ಲಿ ಮಾತ್ರ! ಹೆಂಡತಿ, ಮಕ್ಕಳ ಹೆಸರು ಕೆಳಗೆ ‘ಕುಟುಂಬ ಸದಸ್ಯರು’ ಅನ್ನುವ ಸಾಲಿನಲ್ಲಿ. ಮುಂಗಡ ತಗೊಂಡಿದ್ದು ಯಜಮಾನ, ಅವನಿಗೆ ಕೊಟ್ಟರೆ ಸಾಲದಾ ಅನ್ನುವುದು ಕಚೇರಿಯ ಲೆಕ್ಕ. ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಮೇಸ್ತ್ರಿಗೆ ಜೋಡಿ ಬೇಕಿತ್ತು, ಒಬ್ಬನೇ ಬಂದಿದ್ದರೆ 40,000 ಕೊಡುತ್ತಲೇ ಇರಲಿಲ್ಲ. ಮಣ್ಣು ತುಳಿದಿದ್ದು ಆಕೆ. ಗಂಡ ಊರಿಗೆ ಹೋದಾಗ ಒತ್ತೆಯಾಗಿ ಉಳಿದವಳೂ ಆಕೆ. ದುಡ್ಡಿನ ಲೆಕ್ಕವೂ ಇದೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷದ ತನಕ ಇದೆ. ಪತ್ರ ಇಲ್ಲದಿದ್ದರೆ ಆಕೆಯ ಪಾಲು ಸುಮ್ನೆ ಮಾಯ. ಗುಮಾಸ್ತರಿಗೆ ಮತ್ತೆ ಟೈಪ್ ಮಾಡುವ ತಲೆನೋವು. ಪಾಪ, ಮಾಡಿದರು. ಪ್ರತಿಯೊಬ್ಬರಿಗೂ ಒಂದೊಂದು ಹಾಳೆ. ರಾತ್ರಿ ಸಹಿ ಬಿತ್ತು.

ಹುಡುಗಿ ಮತ್ತು ಇತರ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕಾಯಿತು. ಅಪ್ಪ ಅಮ್ಮನ ಜೊತೆಗೇ ಕಳಿಸಿದರು.

ಪೊಲೀಸ್ ಠಾಣೆಯ ಕಥೆ ಬೇರೆ. ಬಿಡುಗಡೆ ಪತ್ರ ರೆವಿನ್ಯೂ ಇಲಾಖೆಯದು, ಎಫ್‌ಐಆರ್ ಪೊಲೀಸರದ್ದು. ಒಂದು ಕೈಯಲ್ಲಿ ಪತ್ರ ಹಿಡಿದುಕೊಂಡು ಹೋದರೂ ಇನ್ನೊಂದು ತಾನಾಗಿ ಬರುವುದಿಲ್ಲ. ಸಬ್ ಇನ್‌ಸ್ಪೆಕ್ಟರ್ ನಮ್ಮ ದೂರು ಓದಿ ನಕ್ಕರು. “ಹ್ಯೂಮನ್ ಟ್ರಾಫಿಕಿಂಗ್ ಅಂದ್ರೆ ಲಾಡ್ಜ್ ಕೇಸು ಮೇಡಂ. ಇದಕ್ಕೆ ಆ ಸೆಕ್ಷನ್ ಹಾಕಿದ್ರೆ ನಾಳೆ ಕೋರ್ಟಲ್ಲಿ ನನ್ನ ಕೇಳ್ತಾರೆ. ಜೀತದ ಆ್ಯಕ್ಟ್ ಹಾಕೋಣ, ಸಾಕು.”

ಅವರನ್ನು ಪೂರ್ತಿ ದೂರಲಾರೆ. ನಮ್ಮಲ್ಲಿ ಕಳ್ಳಸಾಗಣೆ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ವೇಶ್ಯಾವಾಟಿಕೆಗೆ ಸಂಬಂಧಿಸಿದ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ. ಠಾಣೆಗಳ ಅಭ್ಯಾಸವೂ ಅದರ ಮೇಲೇ ಬೆಳೆದಿದ್ದು. ಆದರೆ ಸಂವಿಧಾನ ಹಾಗೆ ಬೇರೆ ಮಾಡಿಲ್ಲ. 23ನೇ ವಿಧಿಯಲ್ಲಿ ಮನುಷ್ಯರ ವ್ಯಾಪಾರ, ಬಿಟ್ಟಿ ಚಾಕರಿ, ಬಲವಂತದ ದುಡಿಮೆ, ಎಲ್ಲ ಒಂದೇ ವಾಕ್ಯದಲ್ಲಿವೆ. ವಿಶ್ವಸಂಸ್ಥೆಯಲ್ಲಿ 2000ದಲ್ಲಿ ಆದ ಪಲೆರ್ಮೋ ಒಪ್ಪಂದದಲ್ಲೂ ದುಡಿಮೆಗಾಗಿ ಸಾಗಿಸುವುದು ಕಳ್ಳಸಾಗಣೆಯೇ. ಭಾರತ ಅದಕ್ಕೆ 2002ರಲ್ಲಿ ಸಹಿ ಹಾಕಿ, 2011ರಲ್ಲಿ ಅನುಮೋದಿಸಿತು. ದೇಶದ ಕಾನೂನಿಗೆ ಅದು ಇಳಿದಿದ್ದು ಮಾತ್ರ 2013ರಲ್ಲಿ. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, 370ನೇ ಸೆಕ್ಷನ್ ಹೊಸದಾಯಿತು. 2024ರ ಜುಲೈ 1ರಿಂದ ಅದೇ, ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್. ಮೋಸದಿಂದಲೋ, ಬಲವಂತದಿಂದಲೋ, ಆಮಿಷ ಒಡ್ಡಿಯೋ ಜನರನ್ನು ಶೋಷಣೆಗಾಗಿ ನೇಮಿಸುವುದು, ಸಾಗಿಸುವುದು, ಇಟ್ಟುಕೊಳ್ಳುವುದು ಅಪರಾಧ. ಅವರು ಒಪ್ಪಿ ಬಂದಿದ್ದರು ಅನ್ನುವ ಮಾತು ನಡೆಯುವುದಿಲ್ಲ.

ಒಂದು ತೊಡಕು ನಿಜ. ಶೋಷಣೆ ಎಂದರೆ ಏನು ಅಂತ ವಿವರಿಸುವಾಗ ಆ ಸೆಕ್ಷನ್ ದೈಹಿಕ ಶೋಷಣೆ, ಲೈಂಗಿಕ ಶೋಷಣೆ, ಗುಲಾಮಗಿರಿ ಮತ್ತು ಅದನ್ನು ಹೋಲುವ ಪದ್ಧತಿಗಳು, ದಾಸ್ಯ, ಭಿಕ್ಷಾಟನೆ, ಅಂಗಾಂಗ ತೆಗೆಯುವುದು ಅಂತ ಪಟ್ಟಿ ಕೊಡುತ್ತದೆ. ಬಲವಂತದ ದುಡಿಮೆ ಅಂತ ನೇರವಾಗಿ ಇಲ್ಲ. ಸಬ್ ಇನ್‌ಸ್ಪೆಕ್ಟರ್ ಬೆರಳಿಟ್ಟಿದ್ದು ಅಲ್ಲೇ. ಜೀತ ಗುಲಾಮಗಿರಿಯನ್ನು ಹೋಲುವ ಪದ್ಧತಿ ಅಲ್ಲದೆ ಇನ್ನೇನು ಅಂತ ನಮ್ಮ ಸಮಿತಿಯ ವಕೀಲರು ಬರವಣಿಗೆಯಲ್ಲಿ ಕೊಡಬೇಕಾಯಿತು.

ಅಷ್ಟು ಹಟ ಯಾಕೆ ಅಂತ ನೀವು ಕೇಳಬಹುದು. ಜೀತದ ಕಾಯ್ದೆಯ ಶಿಕ್ಷೆ ನೋಡಿ. 3 ವರ್ಷದ ತನಕ ಜೈಲು, 2,000 ರೂಪಾಯಿ ತನಕ ದಂಡ. 18ನೇ ಸೆಕ್ಷನ್ ಪ್ರಕಾರ, ದಂಡ ವಸೂಲಾದರೆ ಅದರಲ್ಲಿ ಜೀತ ಮಾಡಿದ ದಿನಕ್ಕೆ 5 ರೂಪಾಯಿಯಂತೆ ಕೂಲಿಯವನಿಗೆ ಕೊಡಬೇಕು. 1976ರ 5 ರೂಪಾಯಿ ಇವತ್ತಿಗೂ ಪುಸ್ತಕದಲ್ಲಿ ಹಾಗೇ ಕೂತಿದೆ. ಅದಕ್ಕಿಂತ ಮುಖ್ಯ, ಈ ಕಾಯ್ದೆಯ ಅಪರಾಧಗಳೆಲ್ಲ ಜಾಮೀನು ಕೊಡಬಹುದಾದವು. ಮಾಲೀಕರು ಬೆಳಿಗ್ಗೆ ಠಾಣೆಗೆ ಬಂದು ಮಧ್ಯಾಹ್ನ ಗೂಡಿಗೆ ವಾಪಸ್. 143 ಹಾಗಲ್ಲ. ಜಾಮೀನಿಗೆ ಕೋರ್ಟಿಗೆ ಹೋಗಬೇಕು, ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಕನಿಷ್ಠ 10 ವರ್ಷ, ಜೀವಾವಧಿ ತನಕವೂ ಆಗಬಹುದು. ಮೇಸ್ತ್ರಿ ಹೆದರುವುದು ಈ ಸೆಕ್ಷನ್‌ಗೆ. ಜೀತದ ಕಾಯ್ದೆಗೆ ಅವನು ಹೆದರಿದ್ದನ್ನು ನಾನಂತೂ ಕಂಡಿಲ್ಲ.

ಈ ಮಧ್ಯೆ ರಾಜಿ ಮಾತು. ಠಾಣೆಯ ಹೊರಗೆ ಹುಣಸೆ ಮರದ ಕೆಳಗೆ ಊರಿನ ದೊಡ್ಡ ಮನುಷ್ಯರೊಬ್ಬರು ಆತನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ಬಾಕಿಯಲ್ಲಿ ಅರ್ಧ ಬಿಡುತ್ತಾರಂತೆ, ಉಳಿದ ಅರ್ಧ ನಿಧಾನಕ್ಕೆ ಕೊಟ್ಟರೆ ಸಾಕಂತೆ. ಆತ ಒಪ್ಪುವ ಹಾಗಿದ್ದ! ನಿಯತ್ತಿನ ಮನುಷ್ಯ, ತಗೊಂಡ ದುಡ್ಡು ಕೊಡಬೇಕು ಅನ್ನುವುದು ಅವನ ಮನಸ್ಸಲ್ಲಿ ಗಟ್ಟಿ. ಬಿಡುಗಡೆ ಪತ್ರ ಬಿಚ್ಚಿ ಆ ಸಾಲು ಓದಿ ಹೇಳಿದೆ. ಕಾಯ್ದೆ ಪ್ರಕಾರ ಸಾಲ ರದ್ದಾಗಿದೆ. ಇನ್ನು ಅದನ್ನು ವಸೂಲಿ ಮಾಡುವುದೇ 9ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕೂ 3 ವರ್ಷ. ಇದನ್ನು ದೊಡ್ಡ ಮನುಷ್ಯರಿಗೂ ಕೇಳುವ ಹಾಗೆ ಹೇಳಿದೆ. ಕೈ ತೆಗೆದರು. ಆತನ ಹೆಂಡತಿ ಅಷ್ಟು ಹೊತ್ತು ಸುಮ್ಮನಿದ್ದವಳು, “ಮತ್ತ ನಮ್ಮ ಕೂಲಿ?” ಅಂದಳು. ಸರಿಯಾದ ಪ್ರಶ್ನೆ. ಕನಿಷ್ಠ ಕೂಲಿಯ ಲೆಕ್ಕದಲ್ಲಿ ಬರಬೇಕಾದ ಬಾಕಿಗೆ ಕಾರ್ಮಿಕ ನಿರೀಕ್ಷಕರು ಬೇರೆ ಕ್ಲೇಮ್ ಹಾಕಿದ್ದಾರೆ.

ಎಫ್‌ಐಆರ್ ಕೊನೆಗೆ ಆಯಿತು. ಮೇಲಧಿಕಾರಿಗಳ ಫೋನ್ ಬಂದ ಮೇಲೆ 143 ಕೂಡ ಸೇರಿತು. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆಯೂ ಆಯಿತು.

ತಕ್ಷಣದ ನೆರವು ಅಂತ ಯೋಜನೆಯಲ್ಲಿ 30,000 ರೂಪಾಯಿ ತನಕ ಇದೆ. 2022ರಲ್ಲಿ ಯೋಜನೆ ಪರಿಷ್ಕರಣೆ ಆಗುವ ಮುಂಚೆ 20,000 ಇತ್ತು. ಕೇಸಿನ ತೀರ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಇದಕ್ಕಾಗಿಯೇ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 10 ಲಕ್ಷದ ನಿಧಿ ಇಟ್ಟಿರಬೇಕು. ನಮ್ಮಲ್ಲಿ ನಿಧಿ ಇತ್ತು. ಅದನ್ನು ತೆಗೆಯಲು ಯಾವ ಮೇಜಿನಿಂದ ಟಿಪ್ಪಣಿ ಹೋಗಬೇಕು ಅಂತ ಮಾತ್ರ ಯಾರಿಗೂ ಖಚಿತವಿರಲಿಲ್ಲ. ಆಮೇಲೆ ಬ್ಯಾಂಕ್ ಖಾತೆ. ಆಕೆಯ ಖಾತೆ ವ್ಯವಹಾರ ಇಲ್ಲದೆ ನಿಂತುಹೋಗಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಅಕ್ಷರ. ಈ ತಾಪತ್ರಯಗಳನ್ನು ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಅವರು ಊರು ಸೇರಿದ ಎಷ್ಟೋ ಸಮಯದ ಮೇಲೆ ದುಡ್ಡು ಬಿತ್ತು. ‘ತಕ್ಷಣದ’ ಅಂದಿದ್ದು ಯಾರ ಗಡಿಯಾರದ ಪ್ರಕಾರವೋ.

ಉಳಿದ ದೊಡ್ಡ ಮೊತ್ತ ಕೋರ್ಟಿನ ಕೊನೆಯ ಹಂತಕ್ಕೆ ತಳುಕು ಹಾಕಿಕೊಂಡಿದೆ. ಯೋಜನೆಯ ಪ್ರಕಾರ ಜೀತ ಇತ್ತು ಅಂತ ಜಿಲ್ಲಾಡಳಿತಕ್ಕೆ ಮೇಲ್ನೋಟಕ್ಕೆ ಕಂಡರೆ ಪ್ರಸ್ತಾವ ನಿಲ್ಲಿಸಬಾರದು, ಆದರೆ ಅಂತಿಮ ಹಣ ನ್ಯಾಯಾಲಯದ ಪ್ರಕ್ರಿಯೆ ಆದ ಮೇಲೇ. ನನಗೆ ಇದು ಒಪ್ಪಿಗೆ ಇಲ್ಲ. ಕೈ ಖಾಲಿ ಇದ್ದವರು ಮುಂದಿನ ದೀಪಾವಳಿಗೆ ಮತ್ತೆ ಮುಂಗಡ ತಗೊಳ್ಳುತ್ತಾರೆ. ಬಿಡುಗಡೆ ಮಾಡಿ ಪುನರ್ವಸತಿ ಕೊಡದಿದ್ದರೆ ಅವರು ವಾಪಸ್ ಜೀತಕ್ಕೇ ಹೋಗುತ್ತಾರೆ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ನೀರಜಾ ಚೌಧರಿ ಪ್ರಕರಣದಲ್ಲಿ ಎಚ್ಚರಿಸಿತ್ತು. ಶಿಕ್ಷೆ ಆಗುವುದು ಪೊಲೀಸರ ತನಿಖೆ, ವಕೀಲರ ವಾದ, ಸಾಕ್ಷಿಗಳ ಧೈರ್ಯ ಇವೆಲ್ಲದರ ಮೇಲೆ. ಅದರ ಭಾರವನ್ನು ಆ ಹೆಂಗಸಿನ ಖಾತೆಯ ಮೇಲೆ ಯಾಕೆ ಹಾಕಬೇಕು?

ಹೊಸ ಕಾನೂನಿನ ಮಾತೂ ಬಹಳ ವರ್ಷದಿಂದ ಇದೆ. ಕಳ್ಳಸಾಗಣೆ ತಡೆ, ಸಂತ್ರಸ್ತರ ರಕ್ಷಣೆ, ಪುನರ್ವಸತಿ ಮೂರನ್ನೂ ಸೇರಿಸಿದ ಮಸೂದೆಯನ್ನು ಲೋಕಸಭೆ 2018ರ ಜುಲೈ 26ರಂದು ಅಂಗೀಕರಿಸಿತ್ತು. ರಾಜ್ಯಸಭೆಗೆ ಬರುವಷ್ಟರಲ್ಲಿ 2019ರ ಚುನಾವಣೆ ಬಂತು, ಮಸೂದೆ ಬಿದ್ದುಹೋಯಿತು. 2021ರಲ್ಲಿ ಇನ್ನೊಂದು ಕರಡು ತಯಾರಾಗಿ ಜನರ ಅಭಿಪ್ರಾಯಕ್ಕೆ ಬಂತು. ರಾಷ್ಟ್ರೀಯ ತನಿಖಾ ದಳಕ್ಕೆ ಹೊಣೆ ಕೊಡುವ ಪ್ರಸ್ತಾವ ಅದರಲ್ಲಿತ್ತು. ಪುನರ್ವಸತಿಯನ್ನು ತೀರ್ಪಿನಿಂದ ಬಿಡಿಸುವ ಕಾನೂನು ಯಾವತ್ತಾದರೂ ಬಂದರೆ ನಾನು ಖುಷಿ ಪಡುತ್ತೇನೆ. ರಾಷ್ಟ್ರೀಯ ದಳದ ಬಗ್ಗೆ ಅಷ್ಟು ಉತ್ಸಾಹ ಇಲ್ಲ. ಗೂಡು ಇರುವುದು ಹಳ್ಳಿಯ ಹೊರಗೆ, ಹೇಳಿಕೆ ಬರೆಯುವುದು ತಾಲ್ಲೂಕು ಕಚೇರಿಯಲ್ಲಿ. ಆ ಗುಮಾಸ್ತರಿಗೆ ಒಂದು ದಿನ ಸರಿಯಾಗಿ ತರಬೇತಿ ಕೊಟ್ಟು, ನಾಲ್ಕು ಸರಿಯಾದ ಪ್ರಶ್ನೆಗಳನ್ನು ನಮೂನೆಯಲ್ಲೇ ಅಚ್ಚು ಹಾಕಿಸಿದರೆ ಇರುವ ಕಾನೂನೇ ಎಷ್ಟೋ ದೂರ ನಡೆಯುತ್ತದೆ. ಪ್ರತಿ ಜಿಲ್ಲೆ, ಉಪವಿಭಾಗದಲ್ಲಿ ಜಾಗೃತ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ 3 ಜನ, ಸಾಮಾಜಿಕ ಕಾರ್ಯಕರ್ತರು ಇಬ್ಬರು ಇರಬೇಕು ಅಂತ 13ನೇ ಸೆಕ್ಷನ್ ಹೇಳುತ್ತದೆ. ಅದು ನಿಯಮಿತವಾಗಿ ಸಭೆ ಸೇರಿದರೂ ಸಾಕು.

2016ರಲ್ಲಿ ಕೇಂದ್ರ ಸರ್ಕಾರ 2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಗುರಿ ಇದೆ ಅಂತ ಸಂಸತ್ತಿಗೆ ತಿಳಿಸಿತ್ತು. ಅಂದರೆ ಅಷ್ಟೇ ಸಂಖ್ಯೆಯ ಬಿಡುಗಡೆ ಪತ್ರಗಳು. ಒಂದು ಗೂಡಿನ ಪತ್ರಗಳಿಗೆ ಎಷ್ಟು ಮಾತು, ಎಷ್ಟು ಟೈಪಿಂಗ್ ಬೇಕಾಯಿತು ಅಂತ ನೋಡಿದವಳಿಗೆ ಆ ಅಂಕಿ ಓದುವಾಗ ತಲೆ ತಿರುಗುತ್ತದೆ.

ನಮ್ಮ ಕೇಸು ಈಗ ಸೆಷನ್ಸ್ ಕೋರ್ಟಿನಲ್ಲಿದೆ. ಮೇಸ್ತ್ರಿ, ಮಾಲೀಕರು ಇಬ್ಬರಿಗೂ ಜಾಮೀನು ಆಗಿದೆ. ಸಾಕ್ಷಿ ಹೇಳಲು ಆ ಗಂಡ ಹೆಂಡತಿ ರಾಯಚೂರು ಕಡೆಯಿಂದ ಬರಬೇಕು. ಬಂದರೆ ಕೂಲಿ ಹೋಗುತ್ತದೆ, ಎದುರು ಪಾರ್ಟಿಯ ಊರಲ್ಲೇ ರಾತ್ರಿ ತಂಗಬೇಕು. ಒಮ್ಮೆ ಬಂದರು, ಅವತ್ತು ಎದುರು ವಕೀಲರು ಬರಲಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ವಿಡಿಯೋ ಮೂಲಕ ಸಾಕ್ಷಿ ದಾಖಲಿಸಲು ಅವಕಾಶ ಇದೆ. ಅವರ ತಾಲ್ಲೂಕಿನ ಕೋರ್ಟಿನಿಂದಲೇ ಹೇಳಿಕೆ ತಗೊಳ್ಳಿ ಅಂತ ಸರ್ಕಾರಿ ವಕೀಲರ ಮೂಲಕ ಅರ್ಜಿ ಹಾಕಿಸಿದ್ದೇವೆ. ಎದುರು ವಕೀಲರು ತಕರಾರು ಸಲ್ಲಿಸಿದ್ದಾರೆ. ಆದೇಶ ಮುಂದಿನ ತಾರೀಖಿಗೆ.